ಮಂಡಕ್ಕಿ ಪೊಟ್ಟಣ ಮತ್ತು ಬೀಗ ಹಾಕಿದ ಫ್ಲಾಪಿ

ಸೊರಬದ ಅಕ್ಕೋರು ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೊಸ್ತಿಲ ಮೇಲೇ ನಿಂತು, ಒಳಗೆ ಇನ್ಯಾರಾದರೂ ಇದ್ದಾರೆಯೇ, ಕಿಟಕಿಯ ಆಚೆ ಏನಿದೆ, ಕಂಪ್ಯೂಟರಿನ ಪರದೆ ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತದೆಯೇ ಎಂದು ಒಂದೊಂದಾಗಿ ನೋಡಿಕೊಂಡರು. ಅರವತ್ತು ದಾಟಿದವರು, ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಕಂಕುಳಲ್ಲಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ನೋಟ್‌ಬುಕ್ಕು.

"ಸೊರಬದಾಗೆ ಕಂಪ್ಯೂಟರ್ ಇಲ್ವಾ ಅಕ್ಕೋರೇ? ಇಷ್ಟು ದೂರ ಬಂದ್ರಲ್ಲ," ಎಂದೆ. ಗಿರಾಕಿ ಯಾಕೆ ಬಂದಿದ್ದಾರೆ ಅನ್ನೋದು ತಿಳಿಯುವವರೆಗೆ ರೇಟು ಹೇಳಬಾರದು. ಇದನ್ನು ನಾನು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ.

"ಇದೆ. ಅಲ್ಲಿ ಟೈಪ್ ಮಾಡುವವಳು ನನ್ನ ಶಿಷ್ಯೆ. ಅವಳ ಅತ್ತೆ ಈ ಪುಸ್ತಕದಲ್ಲಿರೋ ಒಬ್ಬರಿಗೆ ಹತ್ತಿರದ ಸಂಬಂಧ. ಸೊರಬದಲ್ಲಿ ನಾನು ಕೆಮ್ಮಿದ್ರೆ ಬಸ್‌ಸ್ಟ್ಯಾಂಡಿನಲ್ಲಿ ಕಷಾಯ ಕಾಯಿಸ್ತಾರೆ ಮಾರಾಯ. ನಿಮ್ಮೂರಲ್ಲಿ ನನ್ನ ಗುರುತು ಯಾರಿಗೂ ಇಲ್ಲ. ಅದಕ್ಕೇ ಬಂದೆ."

ಅದು ತೊಂಬತ್ತರ ದಶಕದ ಕೊನೆಯ ವರ್ಷಗಳು. ಶಿಕಾರಿಪುರದ ಬಸ್‌ಸ್ಟ್ಯಾಂಡಿನಿಂದ ತಾಲೂಕು ಕಚೇರಿಗೆ ಹೋಗುವ ದಾರಿಯಲ್ಲಿ, ಇಬ್ಬರು ಕೈ ಚಾಚಿದರೆ ಗೋಡೆ ಸಿಗುವಷ್ಟೇ ಅಗಲದ ಅಂಗಡಿ ನನ್ನದು. ಅದಕ್ಕೆ ಮೊದಲು ಕಚೇರಿಯ ಕಾಂಪೌಂಡಿನ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಹೊಡೆಯುತ್ತಿದ್ದೆ. ಅದಕ್ಕೂ ಮೊದಲು ಸೋದರಮಾವನ ಹಿಂದೆ ದನದ ಸಂತೆಗಳಲ್ಲಿ ಅಲೆದು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ಕಲಿತಿದ್ದೆ. ಈ ಕಂಪ್ಯೂಟರನ್ನು ಕೂಡ ದಾವಣಗೆರೆಯಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಟೈಪಿಂಗ್ ಸಂಸ್ಥೆಯಿಂದ ತಂದದ್ದು. ಬೆಳಗ್ಗೆ ಹೋಗಿ ಕೂತವನು ಸಂಜೆವರೆಗೂ ಏಳಲಿಲ್ಲ. ಕೊನೆಗೆ ಬೇಸತ್ತು ಪ್ರಿಂಟರನ್ನೂ, ತಿರುಗುವ ಕುರ್ಚಿಯನ್ನೂ, ಒಂದು ಪೆಟ್ಟಿಗೆ ಫ್ಲಾಪಿಗಳನ್ನೂ ಅದೇ ರೇಟಿಗೆ ಸೇರಿಸಿ ಕಳಿಸಿದರು.

ಅಕ್ಕೋರು ಪುಸ್ತಕ ಬಿಚ್ಚಿದರು. ಎರಡು ತಾಲೂಕುಗಳ ಹೆಣ್ಣುಮಕ್ಕಳ ವಿವರ ಅದರಲ್ಲಿತ್ತು. ಗಂಡ ತೀರಿಕೊಂಡವರು, ಬಿಟ್ಟು ಬಂದವರು, ಬಿಡಿಸಿಕೊಂಡವರು. ಹಾಗೇ ಹೆಂಡತಿ ಕಳೆದುಕೊಂಡ ಕೆಲವು ಗಂಡಸರು. ಇವರನ್ನು ಅವರಿಗೆ, ಅವರನ್ನು ಇವರಿಗೆ ಹೊಂದಿಸುವ ಕೆಲಸವನ್ನು ಅಕ್ಕೋರು ಸದ್ದಿಲ್ಲದೆ ಮಾಡುತ್ತಿದ್ದರು. ಮರುಮದುವೆ ಎಂಬ ಮಾತನ್ನು ತವರಿನವರೂ ಒಳಕೋಣೆಯಲ್ಲಿ ಕೂತು ದನಿ ತಗ್ಗಿಸಿ ಆಡುತ್ತಿದ್ದ ದಿನಗಳವು. ಅವರಿಗೆ ಕಣ್ಣು ಮಂಜಾಗುತ್ತಿತ್ತು, ಕೈ ನಡುಗುತ್ತಿತ್ತು. ಒಬ್ಬೊಬ್ಬರದೂ ಒಂದೊಂದು ಹಾಳೆಯಾಗಬೇಕು, ಬೇಕಾದಾಗ ಬೇಕಾದ ಹಾಳೆ ಮಾತ್ರ ತೆಗೆಯುವಂತಿರಬೇಕು. ಆಮೇಲೆ ಪುಸ್ತಕವನ್ನು ಬಚ್ಚಲ ಒಲೆಗೆ ಹಾಕುತ್ತೇನೆ ಎಂದರು.

"ಆದ್ರೆ ನಿಮ್ಮ ಈ ಡಬ್ಬಿಯೊಳಗೆ ಒಂದಕ್ಷರಾನೂ ಉಳೀಬಾರದು."

"ಡಬ್ಬಿಯೊಳಗೆ ಹಾಕೋದೇ ಇಲ್ಲ ಬಿಡ್ರಿ," ಎಂದು ಒಂದು ಫ್ಲಾಪಿ ತೆಗೆದು ಅವರ ಅಂಗೈ ಮೇಲಿಟ್ಟೆ. "ಎಲ್ಲಾ ಇದರಾಗೇ ಬರೀತೀನಿ. ಸಂಜೆ ಇದನ್ನ ತಗೊಂಡು ನೀವು ಬಸ್ ಹತ್ತಿ. ನನ್ನ ಹತ್ರ ಖಾಲಿ ಮಷೀನು."

"ಇದನ್ನೇ ಯಾರಾದ್ರೂ ಕದ್ರೆ?"

ಆ ಪ್ರಶ್ನೆಗೇ ಕಾಯುತ್ತಿದ್ದೆ. ದಾವಣಗೆರೆಯ ಗೆಳೆಯನೊಬ್ಬ ನನಗೊಂದು ಸಣ್ಣ ಪ್ರೋಗ್ರಾಂ ಕೊಟ್ಟಿದ್ದ. ಫ್ಲಾಪಿಯಲ್ಲಿರುವ ಬರಹಕ್ಕೆ ಅದು ಬೀಗ ಹಾಕುತ್ತಿತ್ತು. ಗುಟ್ಟಿನ ಪದವೊಂದನ್ನು ಎರಡು ಸಲ ಕೇಳುತ್ತದೆ, ಆಮೇಲೆ ಇಡೀ ಬರಹವನ್ನು ಕಲಸಿಬಿಡುತ್ತದೆ. ಅದೇ ಪದ ಕೊಟ್ಟರೆ ಮಾತ್ರ ಮತ್ತೆ ಅಕ್ಷರವಾಗುತ್ತದೆ. ನಾಲ್ಕು ಸಾಲು ಬರೆದು, ಬೀಗ ಹಾಕಿ, ಹಾಗೇ ತೆರೆದು ತೋರಿಸಿದೆ. ಪರದೆ ತುಂಬ ನಗುವ ಮುಖಗಳು, ಇಸ್ಪೀಟಿನ ಆಟೀನು, ಡೈಮಂಡು, ಮುರಿದ ಗೆರೆಗಳು.

ಅಕ್ಕೋರು ಕನ್ನಡಕ ಮೇಲೇರಿಸಿದರು. "ಎಂತ ಇದು, ತಾಳಗುಂದದ ಶಾಸನ ಇದ್ದ ಹಾಗಿದೆ."

"ಹಂಗೇ ಅಕ್ಕೋರೇ. ಯಾರಿಗೂ ಓದಕಾಗಲ್ಲ."

"ಆ ಶಾಸನಾನೂ ಯಾರೋ ಕೂತು ಓದಿದ್ರಲ್ಲ ಮಾರಾಯ."

"ಅದನ್ನ ಓದೋರಿಗೆ ಸರ್ಕಾರ ಸಂಬಳ ಕೊಡ್ತು. ಇದನ್ನ ಓದೋಕೆ ಯಾರು ಕೊಡ್ತಾರ್ರಿ?"

ಆಗ ನಕ್ಕು ಕುರ್ಚಿಯಲ್ಲಿ ಕೂತರು. ರೇಟಿನ ಮಾತಿನಲ್ಲಿ ಅವರೇ ಗೆದ್ದರು. ನಲವತ್ತು ಮಕ್ಕಳ ತರಗತಿಯನ್ನು ಕಣ್ಣಲ್ಲೇ ಕೂರಿಸಿದವರ ಎದುರು ನನ್ನ ಸಂತೆ ವಿದ್ಯೆ ನಡೆಯಲಿಲ್ಲ.

ಗುಟ್ಟಿನ ಪದದ ಬಗ್ಗೆ ಮಾತ್ರ ನಾನು ಉಪದೇಶ ಮಾಡದೆ ಬಿಡಲಿಲ್ಲ. "ಮನೆ ದೇವರ ಹೆಸರು ಇಡಬೇಡಿ, ಎಲ್ಲರೂ ಅದನ್ನೇ ಇಡೋದು. ಮಕ್ಕಳ ಹೆಸರು ಬೇಡ. ಗಾಡಿ ನಂಬರು ಬೇಡ."

"ನನಗೆ ಗಾಡಿ ಎಲ್ಲಿದೆ?"

"ಚೀಟಿ ಮೇಲೆ ಬರಕೊಂಡು ಫ್ಲಾಪಿಗೆ ಸುತ್ತಬೇಡಿ. ನನಗೂ ಹೇಳಬೇಡಿ. ನೀವು ಒತ್ತುವಾಗ ನಾನು ಬೆನ್ನು ತಿರುಗಿಸಿರ್ತೀನಿ."

ಅವರು ಒಂದೇ ಬೆರಳಿನಲ್ಲಿ ಕೀ ಹುಡುಕಿ ಹುಡುಕಿ ಒತ್ತಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಟಕ್, ಟಕ್ ಎಂಬ ಸದ್ದು ಮಾತ್ರ ಕೇಳುತ್ತಿತ್ತು. ಅಂದಿನಿಂದ ನನ್ನ ಅಂಗಡಿಯಲ್ಲಿ ಇದೇ ರೂಢಿಯಾಯಿತು: ಗಿರಾಕಿ ಬೀಗ ಹಾಕುವಾಗ ನನ್ನ ಮುಖ ಕ್ಯಾಲೆಂಡರಿಗೆ.

ವಾರಕ್ಕೊಂದು ದಿನ ಬರುತ್ತಿದ್ದರು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಫ್ಲಾಪಿಯನ್ನು ಅವಲಕ್ಕಿ ತುಂಬಿದ ಸ್ಟೀಲ್ ಡಬ್ಬಿಯಲ್ಲಿ ಹುಗಿದುಕೊಂಡು. ಅವರು ಓದುವುದು, ನಾನು ಹೊಡೆಯುವುದು. ಹೋಗುವಾಗ ಬೀಗ. ನನಗೋ ಈ ಕೆಲಸ ಶುರುವಾದ ಮೇಲೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಕ್ಕೋರ ಬಸ್ಸು ಬಳ್ಳಿಗಾವಿ ಕ್ರಾಸು ದಾಟಿತೋ ಇಲ್ಲವೋ ಎಂದು ಗಡಿಯಾರ ನೋಡುವುದು, ಕಂಪ್ಯೂಟರಿನೊಳಗೆ ಏನಾದರೂ ಚೂರು ಉಳಿದಿದೆಯೇ ಎಂದು ಮತ್ತೆ ಮತ್ತೆ ಹುಡುಕುವುದು. ಅಂಗಡಿ ಮುಚ್ಚಿ ಅರ್ಧ ದಾರಿ ಹೋದವನು ಫ್ಲಾಪಿ ಡ್ರೈವಿನಲ್ಲೇ ಉಳಿದಿರಬಹುದು ಎಂದು ವಾಪಸು ಓಡಿ ಬಂದದ್ದೂ ಉಂಟು.

ಅಕ್ಕೋರಿಗೆ ಪರದೆ ನೋಡಿದರೆ ಕಣ್ಣಲ್ಲಿ ನೀರು. ಹಾಗಾಗಿ ಪ್ರತಿ ಹಾಳೆಯನ್ನೂ ಒಮ್ಮೆ ಕಾಗದದ ಮೇಲೆ ಹೊಡೆದು ಕೊಡುತ್ತಿದ್ದೆ, ಅವರು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ತಿದ್ದಿದ್ದನ್ನು ನಾನು ಸರಿ ಮಾಡಿದ ಮೇಲೆ ಆ ಕಾಗದ ಬುಟ್ಟಿಗೆ.

ಬುಟ್ಟಿಯ ಕಾಗದ ಎಲ್ಲಿಗೆ ಹೋಗುತ್ತದೆ ಎಂದು ಅವರು ಕೇಳಲಿಲ್ಲ. ನಾನೂ ಯೋಚಿಸಲಿಲ್ಲ. ಯೋಚಿಸಬೇಕಾದ ವಿಷಯ ಅದು ಅಂತಲೇ ನನಗೆ ಅನಿಸಿರಲಿಲ್ಲ. ಯಾಕೆಂದರೆ ಅಂಗಡಿ ತೆರೆದ ಮೊದಲ ತಿಂಗಳಲ್ಲೇ ನಾನು ಕುದುರಿಸಿದ್ದ, ಎದುರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ವ್ಯಾಪಾರವೇ ಅದು. ಅಂಗಡಿಯ ಪಕ್ಕದಲ್ಲಿ ಒಂದು ಮಂಡಕ್ಕಿ ಗಾಡಿ. ಅದರ ಯಜಮಾನರನ್ನು ಇಡೀ ಬೀದಿ ಭಾಯಿ ಎನ್ನುತ್ತಿತ್ತು. ನನ್ನ ಪ್ರಿಂಟರಿನ ಹಾಳು ಕಾಗದವೆಲ್ಲ ಭಾಯಿಗೆ, ದಿನಾ ಸಂಜೆ ಒಂದು ಪೊಟ್ಟಣ ಮಂಡಕ್ಕಿ, ಎರಡು ಮಿರ್ಚಿ ನನಗೆ. ಬಿಳೀ ಹಾಳೆ, ಎರಡೂ ಅಂಚಿಗೆ ತೂತಿನ ಸಾಲು. ಅದರಲ್ಲಿ ಕಟ್ಟಿದ ಮಂಡಕ್ಕಿ ನೋಡಲಿಕ್ಕೇ ಒಂದು ಗತ್ತು.

ಒಂದು ದಿನ, ಇನ್ನೂ ಸಂಜೆಯೂ ಅಲ್ಲ, ಮಧ್ಯಾಹ್ನ ಮೂರರ ಹೊತ್ತು. ಸಂತೆಯ ದಿನ. ಹೊಟ್ಟೆ ಹಸಿದು, ಭಾಯಿಯ ಹತ್ತಿರ ಹೊತ್ತಿಗೆ ಮುಂಚೆಯೇ ನನ್ನ ಪೊಟ್ಟಣ ಇಸಿದುಕೊಂಡು ತಿನ್ನುತ್ತಿದ್ದೆ. ಮಂಡಕ್ಕಿ ಮುಗಿಯುತ್ತ ಬಂದಂತೆ ಎಣ್ಣೆ ಹೀರಿದ ಹಾಳೆಯ ತಳದಲ್ಲಿ ಕೆಂಪು ಗೀಟು ಕಂಡಿತು. ಬಿಚ್ಚಿದೆ. ಸೊರಬ ಕಡೆಯ ಒಬ್ಬ ವಿಧುರನ ವಿವರ: ವಯಸ್ಸು, ಎತ್ತರ, ಹೆಂಡತಿ ಹೇಗೆ ತೀರಿಕೊಂಡಳು, ಎಲ್ಲ. ಅಂಚಿನಲ್ಲಿ ಅಕ್ಕೋರ ಗುಂಡನೆಯ ಅಕ್ಷರದ ತಿದ್ದುಪಡಿ.

ಬಾಯಲ್ಲಿದ್ದ ಮಂಡಕ್ಕಿ ಉಗುಳಿ, ಹಾಳೆಯನ್ನು ಜೇಬಿಗೆ ತುರುಕಿದೆ.

ಮೊದಲು ನೆನಪಾದದ್ದು ಅಂಜನಾಪುರದ ಕಡೆಯ ಆ ಹೆಣ್ಣುಮಗಳ ಹಾಳೆ. ಚಿಕ್ಕ ವಯಸ್ಸಿನ ವಿಧವೆ, ಒಂದು ಹೆಣ್ಣು ಮಗು, ಗಂಡನ ಮನೆಯಲ್ಲೇ ಇದ್ದಳು. ಗಂಡನ ಪಾಲಿಗೆ ಬಂದಿದ್ದ ನೀರಾವರಿ ಗದ್ದೆಯ ಖಾತೆ ತಾಯಿ-ಮಗಳ ಹೆಸರಿಗಾಗಬೇಕಿತ್ತು. ಅದಕ್ಕೆ ಕಚೇರಿಯವರು ನೋಟಿಸು ಅಂಟಿಸಿದ್ದರು. ಅವಧಿ ಮುಗಿಯುವವರೆಗೆ ಯಾರೂ ತಕರಾರು ಕೊಡದಿದ್ದರೆ ಪಹಣಿಯಲ್ಲಿ ಹೆಸರು ಕೂರುತ್ತದೆ. ಕೊಟ್ಟರೆ ವರ್ಷಗಟ್ಟಲೆ ಅಲೆದಾಟ. ಗಂಡನ ಅಣ್ಣ, ಅಂದರೆ ಅವಳ ಭಾವ, ಸುಮ್ಮನಿದ್ದ. ಅವಳು ಇನ್ನೊಂದು ಮದುವೆಯ ಯೋಚನೆಯಲ್ಲಿದ್ದಾಳೆ ಎಂದು ಗೊತ್ತಾದರೆ ಸುಮ್ಮನಿರುತ್ತಿರಲಿಲ್ಲ. ಕಾನೂನು ಏನೇ ಹೇಳಲಿ, ಜಮೀನನ್ನೂ ಮಗುವನ್ನೂ ಎರಡೂ ಕಡೆಯಿಂದ ಹಿಡಿದೆಳೆಯುತ್ತಾನೆ ಎಂದು ಅಕ್ಕೋರು ಹೇಳಿದ್ದರು. ಅವಳ ಹಾಳೆಯನ್ನು ಮೂರು ಸಲ ಹೊಡೆದಿದ್ದೆ. ಒಂದೇ ಸಾಲಿಗಾಗಿ. 'ಒಂದು ಹೆಣ್ಣು ಮಗುವಿದೆ' ಎಂದು ಮೊದಲು. 'ಮಗುವನ್ನು ತವರಿನಲ್ಲಿ ಬಿಡಬಹುದು' ಎಂದು ಆಮೇಲೆ. ಅದನ್ನು ಅಕ್ಕೋರು ಜೋರಾಗಿ ಗೀಟು ಹೊಡೆದು ಬರೆಸಿದ್ದು: 'ಮಗು ತಾಯಿಯ ಜೊತೆಗೇ ಇರುತ್ತದೆ.'

ಮೂರು ಹಾಳೆ. ಮೂರರ ನೆತ್ತಿಯ ಮೇಲೂ ಹೆಸರು, ಊರು.

"ಭಾಯಿ, ನಾನು ಕೊಟ್ಟಿದ್ದ ಕಾಗದ ಎಲ್ಲಿ?"

ಭಾಯಿ ಈರುಳ್ಳಿ ಹೆಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ಗಾಡಿ ಕೆಳಗೈತೆ. ಯಾಕ್ರಿ?"

"ವಾಪಸ್ ಬೇಕು. ಎಲ್ಲಾನೂ. ಈಗಲೇ."

ಈಗ ಕತ್ತಿ ನಿಂತಿತು. "ನಿನ್ನೆ ತನಕ ರದ್ದಿ, ಇವತ್ತು ಬಂಗಾರ ಆತೇನ್ರಿ? ಗಿರಾಕಿಗೆ ಅವಸರ ಇದ್ರೆ ನೀವು ಅವಸರ ಮಾಡ್ಬ್ಯಾಡ್ರಿ ಅಂತ ನೀವೇ ನಂಗೆ ಪಾಠ ಹೇಳಿದ್ರಲ್ಲ. ಈಗ ಹೇಳ್ರಿ, ಏನು ಕೊಡ್ತೀರಿ?"

ನನ್ನ ಮುಖ ನೋಡಿ ಅವರ ನಗು ಅರ್ಧಕ್ಕೇ ಇಳಿಯಿತು. ಕೈ ಒರೆಸಿಕೊಂಡು ಗಾಡಿಯ ಕೆಳಗಿನ ಡಬ್ಬವನ್ನೇ ಎಳೆದು ನನ್ನ ಮುಂದೆ ಕವಿಚಿದರು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಹುಡುಕಿದೆವು. ಅವಳದು ಎರಡು ಹಾಳೆ ಸಿಕ್ಕವು. ಮೂರನೆಯದಿಲ್ಲ. ಡಬ್ಬವನ್ನು ಮತ್ತೆ ಕವಿಚಿ, ಮತ್ತೆ ಎಣಿಸಿ, ಗಾಡಿಯ ಸುತ್ತ ಬಿದ್ದಿದ್ದ ಪೊಟ್ಟಣಗಳನ್ನೆಲ್ಲ ಬಿಚ್ಚಿ ನೋಡಿದೆ. ಇಲ್ಲ.

"ಯಾರ್ದೋ ಹೆಣ್ಮಗಳ ವಿಷಯ ಭಾಯಿ. ಹೊರಗೆ ಹೋಗಬಾರದಿತ್ತು," ಎಂದೆ.

ಅವರು ಎದ್ದು ಬಸ್‌ಸ್ಟ್ಯಾಂಡಿನ ಕಡೆ ನೋಡಿದರು. ಸ್ವಲ್ಪ ಯೋಚಿಸಿ, "ಅಂಜನಾಪುರದ ಟೆಂಪೋದೋರು ಆಗ್ಲೇ ಐದಾರು ಪೊಟ್ಟಣ ಕಟ್ಟಿಸ್ಕೊಂಡು ಹೋದ್ರು. ಇನ್ನೂ ಹೊಂಟಿರಕಿಲ್ಲ, ಓಡ್ರಿ," ಎಂದರು.

ಎಲ್ಲ ಬಿಟ್ಟು ಅಂಜನಾಪುರದ ಟೆಂಪೋಗೇ ಹೋಗಬೇಕಿತ್ತೆ ಆ ಕಾಗದ! ಅಂಗಡಿ ತೆರೆದಿಟ್ಟು ಓಡಿದೆ. ಟೆಂಪೋ ತುಂಬುತ್ತಿತ್ತು. ಒಳಗೆ ಗೊಬ್ಬರದ ಚೀಲ, ಹುಲ್ಲಿನ ಹಗ್ಗ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಜನ. ನಾಲ್ಕು ಜನರ ಕೈಯಲ್ಲಿ ನನ್ನ ಬಿಳೀ ಹಾಳೆಗಳು.

"ಸ್ವಲ್ಪ ಆ ಕಾಗದ ಕೊಡ್ರಿ," ಎಂದೆ ಏದುಸಿರಿನಲ್ಲಿ. "ಒಂದು ಲಗ್ನಪತ್ರಿಕೆ ತಪ್ಪಿ ಸೇರಿಬಿಟ್ಟೈತೆ."

"ಮಂಡಕ್ಕಿ ಕೇಳ್ರಿ ಕೊಡ್ತೀವಿ, ಕಾಗದ ಏನ್ ಮಾಡ್ತೀರಿ?" ಎಂದಳು ಒಬ್ಬ ಮುದುಕಿ. ಎಲ್ಲರೂ ನಕ್ಕರು.

"ಯಾರ್ದ್ರೀ ಲಗ್ನ? ನಮ್ಮನ್ನೂ ಕರೀರಿ ಮತ್ತೆ," ಎಂದ ಮತ್ತೊಬ್ಬ.

ಆದರೂ ಒಬ್ಬೊಬ್ಬರೇ ಮಂಡಕ್ಕಿಯನ್ನು ಮಡಿಲಿಗೆ, ಟವೆಲ್ಲಿಗೆ ಸುರಿದುಕೊಂಡು ಹಾಳೆ ಕೊಟ್ಟರು. ಒಂದು ಪಂಪ್‌ಸೆಟ್ಟಿನ ಅರ್ಜಿ, ಎರಡು ಸಂಘದ ನೋಟಿಸು, ಒಂದು ಖಾಲಿ ಹಾಳೆ. ಐದನೆಯ ಪೊಟ್ಟಣದವನು ತಿಂದು ಮುಗಿಸಿ, ಕೈ ಒರೆಸಿ ಎಸೆದಿದ್ದ. ಎಲ್ಲಿ ಎಸೆದೆ ಎಂದರೆ, "ಯಾರಿಗ್ ಗೊತ್ತು, ಅಲ್ಲೆಲ್ಲೋ," ಎಂದು ಇಡೀ ಸಂತೆಗೆ ಕೈ ಬೀಸಿದ. ಚರಂಡಿಯ ಉದ್ದಕ್ಕೂ ನಡೆದೆ, ದನಗಳ ಬಾಯಿಂದ ಕಾಗದ ಎಳೆದೆ. ಪರಿಚಯದವರೊಬ್ಬರು ನಿಂತು ನೋಡಿ, ಏನೂ ಕೇಳದೆ ಮುಂದೆ ಹೋದರು. ಕೇಳದೆ ಹೋದದ್ದೇ ಹೆಚ್ಚು ಚುಚ್ಚಿತು. ಮೂರನೆಯ ಹಾಳೆ ಸಿಗಲಿಲ್ಲ.

ಮಾರನೆಯ ದಿನ ಬೆಳಗ್ಗೆ ಸೊರಬದ ದಾರಿಯ ಬಸ್ಸಿನಲ್ಲಿ ಕೂತಾಗ ನನ್ನೊಳಗಿನ ವ್ಯಾಪಾರಿ ಬಿಡದೆ ಮಾತಾಡುತ್ತಿದ್ದ. ಹೇಳಬೇಡ. ಫ್ಲಾಪಿಯ ಬೀಗ ಭದ್ರವಾಗಿದೆ, ಕಾಗದ ದನ ತಿಂದಿರುತ್ತದೆ. ಹೇಳಿದರೆ ಈ ಗಿರಾಕಿಯೂ ಹೋಯಿತು, ಹೆಸರೂ ಹೋಯಿತು. ಶಿರಾಳಕೊಪ್ಪದಲ್ಲಿ ಇಳಿದು ವಾಪಸು ಬಸ್ಸಿನ ಬಾಗಿಲವರೆಗೂ ಹೋದೆ. ಆಮೇಲೆ ಕಂಡಕ್ಟರ್ ಸೀಟಿ ಊದಿದಾಗ ಸೊರಬದ ಬಸ್ಸಿನಲ್ಲೇ ಇದ್ದೆ.

ಅಕ್ಕೋರು ಅಕ್ಕಿ ಆರಿಸುತ್ತಿದ್ದರು. ನಾನು ನಿಂತೇ ಹೇಳಿದೆ. ಅವರು ಮೊರವನ್ನು ಪಕ್ಕಕ್ಕಿಟ್ಟರು.

"ನಾನೂ ಆ ಬುಟ್ಟಿ ಪಕ್ಕದಲ್ಲೇ ಕೂತಿದ್ದೆ," ಎಂದರು. "ತಪ್ಪಿಗೆ ಇಬ್ಬರೂ ಅರ್ಧರ್ಧ ಕಿವಿ ಹಿಂಡಿಸಿಕೊಳ್ಳುವ, ಅದು ಆಮೇಲಾಯ್ತು. ಮೊದಲು ಅವಳಿಗೆ ಹೇಳಬೇಕು. ಅವಳು ನೋಟಿಸಿನ ಕೆಲಸಕ್ಕೆ ತಾಲೂಕು ಕಚೇರಿಗೆ ಬರ್ತಾಳೆ. ನಿಮ್ಮ ಅಂಗಡಿಗೇ ಕರೀತೇನೆ. ನೀವೇ ಹೇಳಬೇಕು."

ನಾಲ್ಕು ದಿನ ಬಿಟ್ಟು ಅವಳು ಬಂದಳು. ಅವಳ ಎತ್ತರ, ಓದು, ಬಣ್ಣ ಎಲ್ಲವನ್ನೂ ಮೂರು ಸಲ ಟೈಪ್ ಮಾಡಿದ್ದವನು ನಾನು, ಮುಖ ನೋಡಿದ್ದು ಅವತ್ತೇ. ಜೊತೆಗೆ ಐದು ವರ್ಷದ ಮಗಳು. ಭಾಯಿ ಕರೆಯದೇ ಬಂದು ಮಗುವಿನ ಕೈಗೆ ಮಂಡಕ್ಕಿ ಕೊಟ್ಟು ಹೋದರು, ಮುತ್ತುಗದ ಎಲೆಯಲ್ಲಿ. ನನ್ನ ಕಾಗದ ಅವರು ಮುಟ್ಟುವುದನ್ನೇ ಬಿಟ್ಟಿದ್ದರು.

ಹೇಳಿದೆ. ಅವಳು ಮಗಳನ್ನು ಹತ್ತಿರ ಎಳೆದುಕೊಂಡಳು.

"ಯಾರ ಕೈಗೆ ಸಿಕ್ಕೈತೆ ಅಂತ ಗೊತ್ತಿಲ್ಲೇನ್ರಿ ಅಣ್ಣಾರೆ?"

"ಇಲ್ಲಮ್ಮ. ಚರಂಡಿಗೆ ಹೋಗಿದ್ರೂ ಹೋಗಿರಬೋದು."

"ಹೋಗದಿದ್ರೂ ಹೋಗದಿರಬೋದು," ಎಂದಳು. ಸ್ವಲ್ಪ ಹೊತ್ತು ಮಗಳು ತಿನ್ನುವುದನ್ನೇ ನೋಡಿದಳು. "ನೋಟಿಸ್ ಮುಗಿಯಾ ತನಕ ದಿನಾ ಬೆಳಗಾದ್ರೆ ನಮ್ ಭಾವಾರ ಮುಖ ನೋಡ್ಕಂತ ಕೂರಬೇಕು ನಾನು. ಇವತ್ತು ಗೊತ್ತಾತಾ, ನಾಳೆ ಗೊತ್ತಾಗ್ತೈತಾ ಅಂತ. ನನ್ ಕೈಲಿ ಆಗಲ್ಲ. ನನ್ ಬಗ್ಗೆ ಏನ್ ಬರೆದೀರಿ, ತೋರ್ಸ್ರಿ."

ಅಕ್ಕೋರು ಅವಲಕ್ಕಿಯಿಂದ ಫ್ಲಾಪಿ ತೆಗೆದರು. ನಾನು ಕ್ಯಾಲೆಂಡರಿಗೆ ಮುಖ ಮಾಡಿದೆ. ಟಕ್ ಟಕ್. ಪರದೆಯ ಮೇಲೆ ಅವಳ ಹಾಳೆ ಬಂತು. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದಳು. ಮಗುವಿನ ಸಾಲಿನಲ್ಲಿ ಬೆರಳು ನಿಂತಿತು.

"ಇದು ಸರಿ ಐತೆ," ಎಂದಳು. "ಇದನ್ನೊಂದು ಹೊಡೆದು ಕೊಡ್ರಿ. ನಾನೇ ಒಯ್ದು ಅವರ ಕೈಗೆ ಕೊಡ್ತೀನಿ."

"ಯಾರ ಕೈಗೆ?" ಎಂದೆ, ತಿಳಿದೂ.

"ಬೇರೆಯೋರ ಬಾಯಿಂದ ಹೋದ್ರೆ ಊರಿಗೆಲ್ಲ ಸುದ್ದಿ. ನಾನೇ ಕೊಟ್ರೆ ಮನೆ ಮಾತು."

ನನ್ನ ನಾಲಗೆ ತುದಿಯಲ್ಲಿ ಹತ್ತು ಬುದ್ಧಿಮಾತು ಸಾಲುಗಟ್ಟಿದವು. ನೋಟಿಸು ಮುಗಿಯಲಿ, ಎಂಟೇ ದಿನ ಇದೆ. ಮೊದಲು ಹಿರಿಯರೊಬ್ಬರನ್ನು ಮಾತಾಡಿಸಿ. ಮಾರುವ ಮಾಲಿನ ದೋಷ ಕೊಳ್ಳುವವನ ಕೈಗೆ ನೀವಾಗೇ ಕೊಡಬೇಡಿ. ಅಕ್ಕೋರು ನನ್ನ ಕಡೆ ಒಂದು ನೋಟ ನೋಡಿದರು, ಪಾಠದ ಮಧ್ಯೆ ಮಾತಾಡುವ ಹುಡುಗರನ್ನು ನೋಡುವ ನೋಟ. ಬಾಯಿ ಮುಚ್ಚಿಕೊಂಡು ಪ್ರಿಂಟರ್ ಹಾಕಿದೆ. ತೂತಿನ ಅಂಚುಗಳನ್ನು ಹರಿದು, ನಾಲ್ಕು ಮಡಿಕೆ ಮಾಡಿ ಕೊಟ್ಟೆ. ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡು, ಮಗಳ ಮೂತಿ ಒರೆಸಿ ಹೊರಟಳು.

ಮೂರನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ, ಅಚ್ಚ ಬಿಳೀ ಪಂಚೆಯ ನಲವತ್ತರ ಗಂಡಸೊಬ್ಬ ಅಂಗಡಿಗೆ ಬಂದು ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದ. ಮಡಿಕೆ ನಾನೇ ಹಾಕಿದ್ದು.

"ಇದೇ ಅಕ್ಷರದಾಗೆ ಒಂದು ಅರ್ಜಿ ಹೊಡೀಬೇಕ್ರಿ. ತಕರಾರು ಅರ್ಜಿ."

ಅವಳ ಭಾವ. ಕಾಗದ ಎಲ್ಲಿ ಮುದ್ರಣವಾಯಿತು ಎಂದು ಹುಡುಕಿಕೊಂಡು ಬಂದವನಲ್ಲ, ಕಚೇರಿಯ ದಾರಿಯಲ್ಲಿ ಕಂಪ್ಯೂಟರ್ ಇದ್ದದ್ದು ಇದೊಂದೇ. ಅವಳ ಕಾಗದ ಕಂಪ್ಯೂಟರಿನಲ್ಲಿದ್ದರೆ ತನ್ನದು ಟೈಪ್‌ರೈಟರಿನಲ್ಲಿರಬಾರದು, ಅಷ್ಟೇ ಅವನ ಹಟ. ನಾನು ಇಲ್ಲ ಎಂದರೆ ಬೇವಿನ ಮರದ ಕೆಳಗೆ ಹೋಗಿ ಹೊಡೆಸುತ್ತಾನೆ. ಗಿರಾಕಿ ಕೈ ತಪ್ಪಿದ ಮೇಲೆ ಮಾತಿಗೆ ಬೆಲೆಯಿಲ್ಲ. ಕೂರಿಸಿದೆ. ಚಹಾ ತರಿಸಿದೆ. ಹೇಳಿದಂತೆ ಹೊಡೆಯತೊಡಗಿದೆ.

"ನನ್ನ ತಮ್ಮನ ಹೆಂಡತಿಯು ಮರುಮದುವೆಯ ಪ್ರಯತ್ನದಲ್ಲಿರುವುದರಿಂದ ಸದರಿ ಜಮೀನು ಪರರ ಪಾಲಾಗುವ ಸಂಭವವಿದ್ದು…" ಅವನು ನಿಂತ.

"ಮುಂದೆ?" ಎಂದೆ. "ನೋಟಿಸಿನಾಗೆ ಮಗು ಹೆಸರೂ ಇರ್ತೈತಲ್ರಿ. ಮಗೂ ಬಗ್ಗೆ ಏನು ಹಾಕಲಿ?"

"ಅದು… ಅದು ನಮ್ ಮನೆ ಮಗು."

"ಹಂಗೇ ಹಾಕಲಾ? 'ನಮ್ಮ ಮನೆಯ ಮಗುವಿನ ಹೆಸರಿಗೆ ಖಾತೆ ಮಾಡಬಾರದಾಗಿ ಕೋರುತ್ತೇನೆ' ಅಂತ?"

ಅವನು ದಡಕ್ಕನೆ ಎದ್ದ. "ನೀವು ಟೈಪ್ ಮಾಡೋರಾ, ವಕೀಲರಾ?"

"ಟೈಪ್ ಮಾಡೋನ್ರಿ. ವಾಕ್ಯ ಪೂರ್ತಿ ಆಗಬೇಕಲ್ಲ."

ಹೊರಗೆ ಹೋಗಿ ಬೀಡಿ ಸೇದಿ ಬಂದ. ಕೂತ. ಮತ್ತೆ ಎದ್ದ. ಕೊನೆಗೆ, "ಹಂಗೇ ಹಾಕ್ರಿ," ಎಂದ, ಗೋಡೆಗೆ ಹೇಳಿದ ಹಾಗೆ. ಹಾಕಿದೆ. ಓದಿ ಹೇಳಿದೆ. ಕೇಳುತ್ತ ಕೇಳುತ್ತ ಅವನು ಬಾಗಿಲ ಕಡೆ ನೋಡತೊಡಗಿದ. "ಇವತ್ತೇ ಕೊಡಲ್ಲ. ಒಂದೆರಡು ದಿನ ನೋಡ್ತೀನಿ. ಅಲ್ಲಿ ತನಕ ಇದನ್ನ ಯಾರೂ ನೋಡಬಾರದು. ಊರಾಗೆ ಗೊತ್ತಾದ್ರೆ ತಮ್ಮನ ಮಗೀಗೆ ಅಡ್ಡ ಬಂದ ಅಂತಾರೆ."

ಅವನಿಗೂ ಗುಟ್ಟು ಬೇಕಿತ್ತು. ನಾನು ಡ್ರಾಯರ್ ಎಳೆದೆ.

"ನಮ್ಮ ಅಂಗಡಿ ಪದ್ಧತಿ ಹೇಳ್ತೀನಿ ಕೇಳ್ರಿ. ಅರ್ಜಿ ಈ ಫ್ಲಾಪಿಯೊಳಗೆ ಇರ್ತೈತೆ. ನಿಮ್ಮ ಬೀಗ, ನಿಮ್ಮ ಪದ. ನನಗೆ ಹೇಳಬ್ಯಾಡ್ರಿ. ನನ್ನ ಮಷೀನಿನಾಗೆ ಏನೂ ಇರಲ್ಲ. ಬೇಕಾದಾಗ ಬಂದು ತೆರೀರಿ, ಎರಡು ನಿಮಿಷಕ್ಕೆ ಹೊಡೆದು ಕೊಡ್ತೀನಿ. ಆದ್ರೆ ಪದ ಮರೆತ್ರೆ ಬ್ರಹ್ಮ ಬಂದ್ರೂ ತೆರೆಯಲ್ಲ. ಮರೆಯದಂಥದ್ದು ಇಡ್ರಿ."

ಕ್ಯಾಲೆಂಡರಿಗೆ ಮುಖ ಮಾಡಿದೆ. ಹಿಂದೆ ಒಂದೇ ಬೆರಳಿನ ಸದ್ದು. ಟಕ್, ಟಕ್, ಟಕ್, ಟಕ್. ನಾಲ್ಕು. ಎರಡನೇ ಸಲವೂ ನಾಲ್ಕು. ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಹೋದ.

ಆ ಮುಂದಿನ ದಿನಗಳನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಬಿಳೀ ಪಂಚೆ ಬಾಗಿಲ ಮುಂದೆ ಹಾದರೆ ಕೀಬೋರ್ಡಿನ ಮೇಲೆ ಕೈ ತಪ್ಪುತ್ತಿತ್ತು. ದಿನಕ್ಕೆ ಎರಡು ಸಲ ಕಚೇರಿಗೆ ಹೋಗಿ, ಗುಮಾಸ್ತರ ಹತ್ತಿರ ಅದೂ ಇದೂ ಮಾತಾಡಿ, ತಕರಾರಿನ ಕಟ್ಟಿನ ಮೇಲೆ ಕಣ್ಣಾಡಿಸಿ ಬರುತ್ತಿದ್ದೆ. ಬೇವಿನ ಮರದ ಕೆಳಗಿನ ಹಳೇ ಸಂಗಾತಿಗಳನ್ನೂ ವಿಚಾರಿಸುತ್ತಿದ್ದೆ. ಅಂಥವನು ಯಾರೂ ಬಂದಿಲ್ಲ ಎಂದರು. ಭಾಯಿ ದಿನಾ ಸಂಜೆ ನನ್ನ ಪೊಟ್ಟಣ ಇಟ್ಟು ಹೋಗುತ್ತಿದ್ದರು. ಅದು ಹಾಗೇ ಮೆತ್ತಗಾಗುತ್ತಿತ್ತು.

ನೋಟಿಸಿನ ಕೊನೆಯ ದಿನ, ನಾಲ್ಕು ಗಂಟೆಗೆ ಅವನು ಬಂದ. ಕಚೇರಿ ಮುಚ್ಚಲು ಇನ್ನೂ ಒಂದೂವರೆ ಗಂಟೆ ಇತ್ತು.

"ತೆರೀರಿ," ಎಂದು ಫ್ಲಾಪಿ ಕೊಟ್ಟ.

ಹಾಕಿದೆ. ಮಷೀನು ಪದ ಕೇಳಿತು. ನಾನು ತಿರುಗಿ ನಿಂತೆ. ಕ್ಯಾಲೆಂಡರಿನ ಅವತ್ತಿನ ಚೌಕದ ಮೇಲೆ ಕಣ್ಣು ನೆಟ್ಟು ಕೇಳಿಸಿಕೊಂಡೆ. ಟಕ್ ಟಕ್ ಟಕ್ ಟಕ್ ಟಕ್ ಟಕ್ ಟಕ್. ಏಳು. ಮಷೀನು ಗುಂಯ್ ಎಂದು ಬೇಡವೆಂದಿತು. ಮತ್ತೆ ಒತ್ತಿದ. ಹತ್ತು. ಮತ್ತೆ ಗುಂಯ್. ಮೂರನೆಯ ಸಲ ಎರಡೇ ಎರಡು.

"ಮರ್ತೋಗೈತೆ," ಎಂದ.

ತಿರುಗಿದೆ. ಅವನು ನನ್ನ ಮುಖ ನೋಡುತ್ತಿರಲಿಲ್ಲ. ಪರದೆಯ ಮೇಲಿನ ಇಸ್ಪೀಟಿನ ಗುರುತುಗಳನ್ನು ನೋಡುತ್ತಿದ್ದ. ಇನ್ನೊಮ್ಮೆ ಹೇಳಿದರೆ ಹತ್ತು ನಿಮಿಷದಲ್ಲಿ ಹೊಸದಾಗಿ ಹೊಡೆದು ಕೊಡಬಹುದಿತ್ತು. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಟವೆಲ್ಲಿನ ಕೆಳಗೆ ಎದುರಿನವನ ಬೆರಳು ಸಡಿಲವಾದ ಕ್ಷಣದಲ್ಲಿ ಬಾಯಿ ತೆರೆಯಬಾರದು ಎಂದು ಮಾವ ಹೇಳಿಕೊಟ್ಟಿದ್ದ. ತೆರೆಯಲಿಲ್ಲ.

"ಮನೇಲಿ ಬರೆದಿಟ್ಟೀರೇನು?" ಎಂದೆ ಬಹಳ ಹೊತ್ತಿನ ಮೇಲೆ.

"ಇಲ್ಲ. ಬಿಡ್ರಿ." ಎದ್ದು ಪಂಚೆ ಕೊಡವಿದ. "ಆ ಬಿಲ್ಲೆ ನೀವೇ ಇಟ್ಕಳ್ರಿ." ಬಾಗಿಲಲ್ಲಿ ನಿಂತು, "ಅವಳ ಹಾಳೆ ಹೊಡೆದೋರೂ ನೀವೇ ಅಂತ ಆಮ್ಯಾಲೆ ಗೊತ್ತಾತು. ಗಂಡಿನ ಕಡೆಯೋರು ಹೆಂಗೆ, ವಿಚಾರಿಸಿದ್ದಾರಾ ಆ ಅಕ್ಕೋರು? ಮಗೂನ ಚೆಂದಾಗಿ ನೋಡ್ಕಂತಾರಾ?" ಎಂದ.

"ಸೊರಬಕ್ಕೆ ಹೋಗಿ ನೀವೇ ಕೇಳ್ರಿ," ಎಂದೆ. "ಮಧ್ಯಾಹ್ನದ ಬಸ್ಸಿಗೆ ಹೋಗ್ರಿ, ಬೆಳಗಿನ ಬಸ್ಸು ರಶ್ಶು."

ಹೊರಗೆ ಭಾಯಿಯ ಗಾಡಿಯ ಮುಂದೆ ನಿಂತು ಅವನು ಎರಡು ಪೊಟ್ಟಣ ಕಟ್ಟಿಸಿಕೊಂಡದ್ದು ಕಂಡಿತು. ಎಲೆಯಲ್ಲಿ. ಖಾರ ಕಡಿಮೆ ಹಾಕಿಸಿದ.

ಖಾತೆ ಆ ಸುಗ್ಗಿಯ ಹೊತ್ತಿಗೆ ತಾಯಿ-ಮಗಳ ಹೆಸರಿಗಾಯಿತು. ಪಹಣಿಯ ನಕಲನ್ನು ಅವಳು ತಂದು ತೋರಿಸಿದಳು. ಮದುವೆ ಅದರ ಮುಂದಿನ ವರ್ಷ. ಫ್ಲಾಪಿ ನನ್ನ ಹತ್ತಿರವೇ ಇದೆ. ಆಗಾಗ ಕೈಗೆ ತೆಗೆದುಕೊಳ್ಳುತ್ತೇನೆ. ನಾಲ್ಕು ಸಲ ಒತ್ತುವ ಪದ ಯಾವುದಿರಬಹುದು ಎಂದು ಒಮ್ಮೊಮ್ಮೆ ಮನಸ್ಸಿನಲ್ಲೇ ಜೋಡಿಸುತ್ತೇನೆ. ಒಂದೆರಡು ಹೊಂದುತ್ತವೆ ಕೂಡ. ಹಾಕಿ ನೋಡಿಲ್ಲ. ಬುಟ್ಟಿಯ ಕಾಗದವನ್ನು ಮಾತ್ರ ಅಂದಿನಿಂದ ನಾನೇ ಹರಿಯುತ್ತೇನೆ, ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ನೀವೂ ಹಾಗೇ ಮಾಡಿ.